ಅಂಗೈಯಲ್ಲಿ ಸುಮ್ಮನೆ ಕೂತರೆ ಅದು ಸ್ನೇಹವಲ್ಲ



ದೊಡ್ಡ ಕಣ್ಣಿನ ಪುಟ್ಟ ಪ್ರಾಣಿಯೊಂದು ಕಪಾಟಿನ ಮೇಲಿಂದ ತೇಲಿ ಬಂದು ಸಾಕಿದವರ ಹೆಗಲ ಮೇಲೆ ಇಳಿಯುವ ವಿಡಿಯೊವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಅದೇ ಶುಗರ್ ಗ್ಲೈಡರ್. "ಸರ್, ನಮಗೂ ಒಂದು ಸಾಕ್ಲಿಕ್ಕೆ ಆಗ್ತದಾ?" ಎಂದು ಕೇಳುವವರಿದ್ದೀರಿ. ನನ್ನ ಅಭಿಪ್ರಾಯ ಇಷ್ಟು: ಅದರ ಸ್ನೇಹ ಸಿಗುವುದು ಹೇಗೆಂದು ಮೊದಲು ತಿಳಿದುಕೊಳ್ಳಿ. ತಿಳಿದ ಮೇಲೆ ನೀವೇ ಬೇಡ ಅಂತೀರಿ.

ಇದು ಆಸ್ಟ್ರೇಲಿಯ, ನ್ಯೂಗಿನಿ ಕಡೆಯ ಪ್ರಾಣಿ. ನೋಡಲು ನಮ್ಮ ಪಶ್ಚಿಮ ಘಟ್ಟದ ಹಾರುವ ಅಳಿಲಿನ ಹಾಗಿದ್ದರೂ ಅಳಿಲಲ್ಲ. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುತ್ತದೆ. ತೂಕ ಸುಮಾರು 100ರಿಂದ 150 ಗ್ರಾಂ. ಮುಂಗಾಲು ಹಿಂಗಾಲುಗಳ ನಡುವಿನ ಚರ್ಮದ ಪೊರೆ ಬಿಚ್ಚಿ 50 ಮೀಟರ್ ವರೆಗೂ ತೇಲಬಲ್ಲದು. ಹಗಲು ಮರದ ಪೊಟರೆಯಲ್ಲಿ ಗುಂಪಾಗಿ ನಿದ್ದೆ, ರಾತ್ರಿ ಓಡಾಟ.

ಈ ಗುಂಪಿನ ಗುರುತು ವಾಸನೆ. ಗಂಡಿನ ಹಣೆ, ಎದೆಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಅವನ್ನು ಜೊತೆಯವರ ಮೈಗೆ ಉಜ್ಜಿ 'ಇವರು ನಮ್ಮವರು' ಎಂದು ಗುರುತು ಹಾಕುತ್ತದೆ. ಮನುಷ್ಯರೂ ಆ ಬಳಗಕ್ಕೆ ವಾಸನೆಯ ಮೂಲಕವೇ ಸೇರಬೇಕು. ಅದಕ್ಕೇ ಬಲ್ಲವರು ತಾವು ತೊಟ್ಟ ಬಟ್ಟೆಯ ತುಂಡನ್ನು ಅದು ಮಲಗುವ ಚೀಲದಲ್ಲಿ ಇಡ್ತಾರೆ. ಹಗಲು ಆ ಚೀಲವನ್ನೇ ಎದೆಯ ಹತ್ತಿರ ಇಟ್ಟುಕೊಳ್ತಾರೆ. ರಾತ್ರಿ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಕೂತು, ಅದು ತಾನಾಗಿ ಮೈಮೇಲೆ ಹತ್ತುವ ತನಕ ಕಾಯ್ತಾರೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಮೇಲಿಂದ ಕೈ ಹಾಕಿ ಹಿಡಿಯಬಾರದು. ಕಾಡಿನಲ್ಲಿ ಹಾಗೆ ಎರಗುವುದು ಗೂಬೆ. ಬಾಲ ಹಿಡಿದು ಎತ್ತಲೂಬಾರದು. ಹೆದರಿದರೆ ಅದು ಕರ್ಕಶವಾಗಿ ಕಿರುಚುತ್ತದೆ, ಕಚ್ಚುತ್ತದೆ. ಅದು ಸಿಟ್ಟಲ್ಲ, ಭಯ. ಇನ್ನು, ಹಗಲಿನಲ್ಲಿ ಅಂಗೈ ಮೇಲೆ ಸುಮ್ಮನೆ ಕೂತದ್ದು ನಿದ್ದೆಗಣ್ಣಿನಲ್ಲಿರಬಹುದು, ಹೆದರಿ ಮರಗಟ್ಟಿರಬಹುದು. ಅದನ್ನು ಪ್ರೀತಿ ಅಂದುಕೊಳ್ಳುವುದು ನಮ್ಮ ಆಸೆ, ವಿಜ್ಞಾನವಲ್ಲ.

"ಗೂಡಿನಲ್ಲೇ ಹುಟ್ಟಿದ್ದಲ್ವಾ ಸರ್, ಅದಕ್ಕೆ ಕಾಡು ಗೊತ್ತೇ ಇಲ್ಲ" ಅನ್ನಬಹುದು. ಕಾಡು ಗೊತ್ತಿಲ್ಲದಿರಬಹುದು. ಆದರೆ ರಾತ್ರಿಗೆ ಹೊಂದಿದ ಕಣ್ಣು, ತೇಲುವ ಪೊರೆ, ಬಳಗ ಬೇಡುವ ಸ್ವಭಾವ ಎಲ್ಲಾ ಹಾಗೇ ಇದೆ. ಒಂಟಿಯಾಗಿಟ್ಟರೆ ಕೊರಗುತ್ತದೆ, ಎರಡಾದರೂ ಇರಬೇಕು. ಬರೀ ಹಣ್ಣು ಕೊಟ್ಟರೆ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ದುರ್ಬಲವಾಗಿ ಹಿಂಗಾಲಿನ ಶಕ್ತಿಯೇ ಹೋಗಬಹುದು. ಆಯುಷ್ಯ ಹತ್ತು ವರ್ಷ ದಾಟುವುದುಂಟು. ನೀವೋ, ಹತ್ತನೇ ಕ್ಲಾಸ್ ಮುಗಿಸಿ ಮಂಗಳೂರಿಗೋ ಮೈಸೂರಿಗೋ ಹಾಸ್ಟೆಲಿಗೆ ಹೋಗ್ತೀರಿ. ನಿಮ್ಮ ವಾಸನೆಯನ್ನು 'ನಮ್ಮವರು' ಎಂದು ಕಲಿತ ಜೀವ ಮನೆಯಲ್ಲೇ ಉಳಿಯುತ್ತದೆ. ರಾತ್ರಿ ಅದರ ಜೊತೆ ಕೂರುವವರು ಯಾರು? ಅಮ್ಮನಾ?

ಈಗಾಗಲೇ ಮನೆಯಲ್ಲಿದ್ದರೆ ಮೇಲೆ ಹೇಳಿದಂತೆ ತಾಳ್ಮೆಯಿಂದ ನೋಡಿಕೊಳ್ಳಿ. ಬೇಸರ ಬಂತೆಂದು ತೋಟಕ್ಕೋ ಕಾಡಿಗೋ ಬಿಡಬೇಡಿ. ಇಲ್ಲದವರು ಹಾರುವ ಅಳಿಲನ್ನು ಹಿಡಿಯಲು ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ.

ಪ್ರಯೋಗ ಮಾಡುವ ಆಸೆಯಿದ್ದರೆ ಮನೆಯ ಬೆಕ್ಕು ಸಾಕು. ಅದು ನಿಮ್ಮ ಕಾಲಿಗೆ ಕೆನ್ನೆ ಉಜ್ಜುವುದೂ ವಾಸನೆಯ ಗುರುತೇ. ಕರೆಯದೆ, ಹಿಡಿಯದೆ ದಿನಕ್ಕೆ ಹತ್ತು ನಿಮಿಷ ನೆಲದ ಮೇಲೆ ಕೂತುಕೊಳ್ಳಿ. ಅದು ಯಾವಾಗ ಹತ್ತಿರ ಬಂತು, ಯಾವಾಗ ಎದ್ದು ಹೋಯ್ತು ಎಂದು ಒಂದು ವಾರ ಬರೆದಿಡಿ. ಆ ಪುಸ್ತಕವನ್ನು ಕ್ಲಾಸಿಗೆ ತನ್ನಿ.