ಏನ್ ಬದಲಾತು ಅಂತ ಕನ್ನಡದಾಗ ಹೇಳ್ರಿ

ಅಕ್ಕಾರ, ವೈನಿಯಾರ, ಆ್ಯಪ್ ಅಪ್‌ಡೇಟ್ ಆದ ಮ್ಯಾಲೆ "ನಿನ್ನೆ ಇಲ್ಲೇ ಇದ್ದ ಬಟನ್ ಎಲ್ಲಿ ಹೋತು?" ಅಂತ ಹುಡುಕ್ತೀರಲ್ಲ, ಅದು ನಿಮ್ಮ ದಡ್ಡತನ ಅಲ್ಲ. ತಪ್ಪು ಆ್ಯಪ್ ಮಾಡಿದವರದು.

ಹೊಸ ಆವೃತ್ತಿ ಬಿಡುವಾಗ ಏನು ಬದಲಾತು ಅಂತ ಬರೀಲಿಕ್ಕೆ ಪ್ಲೇ ಸ್ಟೋರಿನಾಗ ಒಂದೊಂದು ಭಾಷೆಗೂ 500 ಅಕ್ಷರದ ಜಾಗ ಐತಿ. ಕನ್ನಡಕ್ಕೂ ಐತಿ. ಅಲ್ಲಿ ಬಹಳ ಮಂದಿ ಬರಿಯೂದೇನು? ಇಂಗ್ಲಿಷಿನಾಗ "ಬಗ್ ಫಿಕ್ಸಸ್" ಅಂತ ಎರಡು ಶಬ್ದ. ಹಿಟ್ಟಿನ ಗಿರಣಿಯವ ಸೈತ ಕಲ್ಲು ಕುಟ್ಟಿಸಿದ ದಿನ "ಅಕ್ಕಾರ, ಇವತ್ತು ಬ್ಯಾಡ್ರಿ, ಹಿಟ್ಟಿನಾಗ ಹಳ್ಳು ಬರ್ತೈತಿ" ಅಂತ ಹೇಳ್ತಾನ.

ಇವರಿಗೆ ಹುಷಾರಿ ಇಲ್ಲಂತಲ್ಲ. ಐಫೋನಿನ ಅಪ್‌ಡೇಟನ್ನ 7 ದಿನ ಹಂಚಿ ಬಿಡಬಹುದು: ಮೊದಲ ದಿನ ನೂರಕ್ಕ ಒಬ್ಬರಿಗೆ, ಆಮ್ಯಾಲೆ 2, 5, 10, 20, 50, ಕಡೀಕ ಎಲ್ಲಾರಿಗೂ. ಪ್ಲೇ ಸ್ಟೋರಿನಾಗೂ ಹಿಂಗ ಹಂತ ಹಂತವಾಗಿ ಬಿಡ್ತಾರ. ಅದಕ್ಕ ಬಾಜೂ ಮನಿಯವರ ಫೋನಿನಾಗ ಒಂದು ನಮೂನಿ, ನಿಮ್ಮದರಾಗ ಒಂದು ನಮೂನಿ. ಎಡವಟ್ಟಾದ್ರ ನಡುವ ನಿಲ್ಲಿಸ್ತಾರ. ತಮ್ಮ ಹೆಸರು ಕೆಡಬಾರದಂತ ಇಷ್ಟು ಜ್ವಾಕಿ; ನಮಗ ಮೂರು ಸಾಲು ಕನ್ನಡ ಬರೀಲಿಕ್ಕೆ ಬ್ಯಾಸರ!

"ಅಪ್‌ಡೇಟ್ ಮಾಡದಿದ್ರ ಕಳ್ಳರು ಹೊಕ್ಕಾರು" ಅಂತಾರ. ಖರೆ ಐತಿ. ಬ್ಯಾಂಕಿನ ಆ್ಯಪಂತೂ ತಪ್ಪದ ಅಪ್‌ಡೇಟ್ ಮಾಡ್ರಿ. ಆದ್ರ ನಾ ಕೇಳೂದು ಇಷ್ಟ: ಬೀಗ ಬದಲಿಸೋ ನೆವದಾಗ ನಮ್ಮ ಅಡಗಿಮನಿ ಡಬ್ಬಿ ಎಲ್ಲಾ ಅದಲು ಬದಲು ಮಾಡೂದು ಯಾಕ? ಮಾಡಿದ್ರ, ಉಪ್ಪು ಎಲ್ಲಿಟ್ಟೀವಿ ಅಂತರ ಹೇಳಬೇಕಲ್ಲ?

ಸ್ಟೋರಿನಾಗ ರಿವ್ಯೂ ಬರಿಯೋ ಜಾಗ ನಮಗೂ ಐತಿ. ಸುಮ್ನ ಕೂಡಬ್ಯಾಡ್ರಿ. ಕನ್ನಡದಾಗ ಬರೀರಿ.