ನೆಮ್ಮದಿ ಅಳೆಯಲು ಯಾವ ಮೀಟರ್?

ಜೂನ್ 21ರ ಯೋಗ ದಿನದ ಜೊತೆಗೆ ಈಗ ಡಿಸೆಂಬರ್ 21 ವಿಶ್ವ ಧ್ಯಾನ ದಿನವೂ ಹೌದು. ವಿಶ್ವಸಂಸ್ಥೆ 2024ರಲ್ಲಿ ಇದನ್ನು ಘೋಷಿಸಿತು. ಅಧ್ಯಾತ್ಮದಿಂದ ಮನಸ್ಸು ಹಗುರಾಗುತ್ತದೆ ಎಂಬ ಮಾತನ್ನು ಕಾಲೇಜಿನ ವೇದಿಕೆಗಳಲ್ಲಿ ಆಗಾಗ ಕೇಳುತ್ತೇವೆ. ಎಷ್ಟು ಹಗುರಾಯಿತು, ಅಳೆದದ್ದು ಹೇಗೆ ಎಂದು ಕೇಳುವವರು ಮಾತ್ರ ವಿರಳ.

ಅಳೆಯುವ ಪ್ರಯತ್ನಗಳು ನಡೆದಿವೆ. ಬದುಕಿನ ಗುಣಮಟ್ಟ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 100 ಪ್ರಶ್ನೆಗಳ ಮಾಪನದಲ್ಲಿ ಅಧ್ಯಾತ್ಮಕ್ಕೂ ಜಾಗವಿದೆ. ಮುಂದೆ ಅದಕ್ಕೆಂದೇ 32 ಪ್ರಶ್ನೆಗಳು ಸಿದ್ಧವಾದವು. ಬದುಕಿಗೆ ಅರ್ಥವಿದೆಯೇ, ಒಳಗೆ ಶಾಂತಿಯಿದೆಯೇ, ನಾಳೆಯ ಬಗ್ಗೆ ಭರವಸೆಯಿದೆಯೇ ಎಂಬುದು ಅವುಗಳ ತಿರುಳು.

ತೊಡಕು ಇರುವುದೇ ಇಲ್ಲಿ. ಶಾಂತಿ, ಭರವಸೆ ಇರುವುದನ್ನೇ ಅಧ್ಯಾತ್ಮ ಎಂದು ಲೆಕ್ಕ ಹಾಕಿ, ನಂತರ ಅಧ್ಯಾತ್ಮ ಇರುವವರ ಮಾನಸಿಕ ಆರೋಗ್ಯ ಚೆನ್ನಾಗಿದೆ ಎಂದರೆ ಹೊಸದೇನು ತಿಳಿದಂತಾಯಿತು? ಅಮೆರಿಕದ ಮನೋವೈದ್ಯ ಹೆರಾಲ್ಡ್ ಕೋನಿಗ್ 2008ರಲ್ಲೇ ಈ ಆಕ್ಷೇಪ ಎತ್ತಿದ್ದರು. ಲ್ಯಾಬ್‌ನಲ್ಲಿ ಒಂದು ವೋಲ್ಟ್‌ಮೀಟರ್ ಸರಿಯಿದೆಯೇ ಎಂದು ಅದೇ ಮೀಟರ್‌ನಿಂದ ಪರೀಕ್ಷಿಸಿದ ಹಾಗೆ ಇದು.

ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವುದು ಇನ್ನೂ ಭದ್ರವಾದ ದಾರಿ. 2022ರಲ್ಲಿ ಅಂಥ ಎರಡು ಅಧ್ಯಯನಗಳ ಫಲಿತಾಂಶ ಹೊರಬಂತು. ಅಮೆರಿಕದಲ್ಲಿ ಆತಂಕದ ಕಾಯಿಲೆಯಿದ್ದ ವಯಸ್ಕರಿಗೆ ಎಂಟು ವಾರಗಳ ಧ್ಯಾನ ತರಬೇತಿಯು ಎಸಿಟಾಲೊಪ್ರಾಮ್ ಮಾತ್ರೆಗೆ ಸರಿಸಮನಾದ ಫಲ ಕೊಟ್ಟಿತು. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳಲ್ಲಿ ಒಂದು ಗುಂಪಿಗೆ ಅದೇ ಬಗೆಯ ಪಾಠ ಹೇಳಿಕೊಟ್ಟಾಗ, ಎಂದಿನ ತರಗತಿಗಳಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಎರಡೂ ಕಡೆ ವಯಸ್ಸು, ಸನ್ನಿವೇಶ ಬೇರೆ. ಆದರೂ ಬೇಕೆಂದು ಬಂದವರಿಗೂ ಟೈಮ್‌ಟೇಬಲ್‌ಗಾಗಿ ಕುಳಿತವರಿಗೂ ಒಂದೇ ಫಲ ಸಿಗುತ್ತದೆ ಎಂದು ನಂಬುವಂತಿಲ್ಲ.

ನಮಗೆ ಇದು ಬರೀ ಚರ್ಚೆಯ ವಿಷಯವಲ್ಲ. ಬ್ಯಾಕ್‌ಲಾಗ್, ಶಿಕ್ಷಣ ಸಾಲ, ಪ್ಲೇಸ್‌ಮೆಂಟ್ ಚಿಂತೆಯಲ್ಲಿ ನಿದ್ದೆಗೆಟ್ಟ ಹುಡುಗನಿಗೆ 'ಧ್ಯಾನ ಮಾಡು, ಎಲ್ಲ ಸರಿಹೋಗುತ್ತದೆ' ಎಂದರೆ, ಸರಿಹೋಗದಿದ್ದಾಗ ತಪ್ಪೂ ಅವನದೇ ಆಗಿಬಿಡುತ್ತದೆ. ಪ್ರಾರ್ಥನೆ, ಭಜನೆ, ಮೌನ ಯಾರಿಗೆ ಬಲ ಕೊಡುತ್ತವೋ ಅವರು ಖಂಡಿತ ಮುಂದುವರಿಸಲಿ. ಅದರ ಹೆಸರಿನಲ್ಲಿ ಆಪ್ತಸಮಾಲೋಚಕರ ಹುದ್ದೆ ಖಾಲಿ ಉಳಿಯಬಾರದು.

ಕಾಲೇಜುಗಳು ಯೋಗ ತರಗತಿಯ ಹಾಜರಾತಿ ಎಣಿಸಿದರೆ ಸಾಲದು. ಸೆಮಿಸ್ಟರ್‌ನ ಆರಂಭದಲ್ಲೂ ಕೊನೆಯಲ್ಲೂ ನಿದ್ದೆ, ಆತಂಕ, ಒಂಟಿತನದ ಬಗ್ಗೆ ಹೆಸರು ಬರೆಸದೆ ಕೇಳಲಿ. ತರಗತಿಗೆ ಬಂದವರ, ಬಾರದವರ ಉತ್ತರಗಳನ್ನು ಹೋಲಿಸಲಿ. ಅಲ್ಲಿಯವರೆಗೆ ಕಾಯಲಾಗದಷ್ಟು ಮನಸ್ಸು ಭಾರವಾಗಿದ್ದರೆ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.