ಡಬ್ಬಿಯೊಳಗಿನ ಚೀಟಿ ಯಾರಿಗೆ ಬರೆದದ್ದು?

ಬೆಳೆಗೆ ಹೊಡೆಯುವ ಔಷಧಿ ತಂದಾಗ ಅದರ ಜೊತೆ ಮಡಚಿಟ್ಟ ಒಂದು ಚೀಟಿ ಬರುತ್ತದೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ಬಿಚ್ಚಿ ಪೂರ್ತಿ ಓದಿದ್ದೀರಿ? ಓದದಿದ್ದರೆ ತಪ್ಪು ನಿಮ್ಮದೊಂದೇ ಅಲ್ಲ. ನೀವು ಓದಲಿ ಎಂದು ಅದನ್ನು ಬರೆದಂತೆಯೇ ಕಾಣುವುದಿಲ್ಲ.

ಕಾನೂನು ಚೆನ್ನಾಗಿಯೇ ಇದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಜೊತೆ ಚೀಟಿ ಇರಲೇಬೇಕು. ಯಾವ ಹುಳಕ್ಕೆ, ಹೇಗೆ ಬಳಸಬೇಕು, ವಿಷ ಏರಿದರೆ ಏನು ಕಾಣಿಸುತ್ತದೆ, ಮೊದಲು ಏನು ಮಾಡಬೇಕು, ಖಾಲಿ ಡಬ್ಬಿ ಎಲ್ಲಿ ಹಾಕಬೇಕು, ಇವೆಲ್ಲ ಅದರಲ್ಲಿರಬೇಕು. ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಕಡೆಯ ಭಾಷೆಯಲ್ಲೂ ಇರಬೇಕು.

ಹಾಗಾದರೆ ಆ ಕನ್ನಡ ಎಲ್ಲಿಂದ ಬರುತ್ತದೆ? ನಮಗೆ ಗೊತ್ತು, ಏಕೆಂದರೆ ನಮ್ಮಲ್ಲಿ ಕೆಲವರು ಈ ಕೆಲಸ ಮಾಡುತ್ತೇವೆ. ಕಂಪನಿ ಏಜೆನ್ಸಿಗೆ ಕೊಡುತ್ತದೆ, ಏಜೆನ್ಸಿ ನಮಗೆ ಕಳಿಸುತ್ತದೆ. ಒಂದು ದಿನ ಔಷಧಿ, ಮರುದಿನ ಪಂಪ್‌ಸೆಟ್ ಸ್ಟಾರ್ಟರ್, ಆಮೇಲೆ ಹಾಲು ಕರೆಯುವ ಯಂತ್ರ. ಕೂಲಿ ಪದದ ಲೆಕ್ಕದಲ್ಲಿ. ಸಂಜೆ ಫೈಲು ಬಂದರೆ ಬೆಳಗ್ಗೆ ವಾಪಸ್ ಹೋಗಬೇಕು. ಆ ಯಂತ್ರವನ್ನು ನಮಗೆ ಯಾರೂ ತೋರಿಸುವುದಿಲ್ಲ. ಅನುಮಾನ ಬಂದರೆ ಕೇಳಲು ಇಂಜಿನಿಯರ್ ನಂಬರ್ ಕೊಡುವುದಿಲ್ಲ. ಬರೆದದ್ದು ರೈತರಿಗೆ ಅರ್ಥವಾಯಿತೇ ಎಂದು ಕೇಳುವವರೇ ಇಲ್ಲ.

ಇದರಿಂದ ಏನಾಗುತ್ತದೆ ನೋಡಿ. 'ಸೂಕ್ತ ವೈಯಕ್ತಿಕ ರಕ್ಷಣಾ ಸಾಧನಗಳನ್ನು ಧರಿಸತಕ್ಕದ್ದು' ಎಂಬಂಥ ವಾಕ್ಯ ಹುಟ್ಟುತ್ತದೆ. 'ಕೈಗೆ ರಬ್ಬರ್ ಗ್ಲೌಸ್ ಹಾಕಿ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ. ಗಾಳಿ ಮುಖಕ್ಕೆ ಬೀಸುತ್ತಿದ್ದರೆ ಹೊಡೆಯಬೇಡಿ' ಎಂದರೆ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಕೆಲವು ಔಷಧಿ ಹೊಟ್ಟೆಗೆ ಹೋದರೆ ವಾಂತಿ ಮಾಡಿಸಲೇಬಾರದು. ಅದನ್ನು 'ವಾಂತಿಯನ್ನು ಪ್ರೇರೇಪಿಸಬಾರದು' ಎಂದು ಬರೆದರೆ, ಗಾಬರಿಯಲ್ಲಿ ಓದುವ ಮನೆಯವರು ಏನು ತಿಳಿಯಬೇಕು?

ಅಳತೆಯ ಕಥೆ ಇನ್ನೂ ಕೆಟ್ಟದ್ದು. ಚೀಟಿಯಲ್ಲಿ ಪ್ರಮಾಣ ಹೆಕ್ಟೇರ್ ಲೆಕ್ಕದಲ್ಲಿರುತ್ತದೆ. ನಮ್ಮ ಹೊಲ ಎಕರೆ, ಗುಂಟೆಯಲ್ಲಿದೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಹೆಕ್ಟೇರಿಗೆ 500 ಮಿ.ಲೀ. ಔಷಧಿ, 500 ಲೀಟರ್ ನೀರು ಎಂದಿದ್ದರೆ, ಬೆನ್ನಿಗೆ ಹಾಕುವ 16 ಲೀಟರ್ ಟ್ಯಾಂಕಿಗೆ 16 ಮಿ.ಲೀ. ಸಾಕು. ಈ ಒಂದು ಸಾಲನ್ನು ಅಚ್ಚು ಹಾಕಲು ಕಂಪನಿಗೆ ಎಷ್ಟು ಖರ್ಚು? ಅದಿಲ್ಲದ ಕಾರಣ ರೈತ ಮುಚ್ಚಳದಲ್ಲಿ ಅಳೆಯುತ್ತಾನೆ, ಒಂದು ಮುಚ್ಚಳ ಹೆಚ್ಚೇ ಹಾಕುತ್ತಾನೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಲೇ ವಿಷ ಏರಿ 20ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಚೀಟಿಯೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಹೊಲದಲ್ಲಿ ಒಬ್ಬನೇ ನಿಂತವನಿಗೆ ಎಚ್ಚರಿಕೆ ಹೇಳಲು ಇರುವುದು ಆ ಕಾಗದ ಮಾತ್ರ.

'ರೈತರು ಹೇಗೂ ಓದುವುದಿಲ್ಲ, ಅಂಗಡಿಯವರನ್ನೇ ಕೇಳುತ್ತಾರೆ' ಎನ್ನುತ್ತಾರೆ. ಓದಲಾಗದಂತೆ ಬರೆದು, ಓದಲಿಲ್ಲ ಎಂದು ದೂರುವುದು ಯಾವ ನ್ಯಾಯ? ಇನ್ನು ಕೆಲವರು 'ಕನ್ನಡದಲ್ಲಿ ಪದಗಳಿಲ್ಲ' ಎನ್ನುತ್ತಾರೆ. ಪದಗಳು ಹೊಲದಲ್ಲಿವೆ, ಗ್ಯಾರೇಜಿನಲ್ಲಿವೆ. ಅಲ್ಲಿಗೆ ಹೋಗಿ ಕೇಳಲು ಬರೆಯುವವರಿಗೆ ಬಸ್ ಚಾರ್ಜು, ಎರಡು ದಿನದ ಸಮಯ ಕೊಡಬೇಕು, ಅಷ್ಟೇ.

ವಿಮಾನ ರಿಪೇರಿಯವರನ್ನು ನೋಡಿ. ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್ ತಪ್ಪು ಮಾಡಬಾರದೆಂದು 1980ರ ದಶಕದಲ್ಲೇ ಸರಳ ಇಂಗ್ಲಿಷಿಗೆ ನಿಯಮ ಕಟ್ಟಿಕೊಂಡರು. ಒಂದು ಪದಕ್ಕೆ ಒಂದೇ ಅರ್ಥ. ಸೂಚನೆಯ ವಾಕ್ಯ 20 ಪದ ಮೀರಬಾರದು. ಬೆಂಗಳೂರಿನಲ್ಲೇ ಸಾವಿರಾರು ಜನ ಟೆಕ್ನಿಕಲ್ ರೈಟರ್‌ಗಳು ಹೊರದೇಶದ ಗ್ರಾಹಕರಿಗೆ ಹೀಗೆ ತಿಳಿಯಾಗಿ ಬರೆದು ಸಂಬಳ ಪಡೆಯುತ್ತಾರೆ. ವಿದೇಶದ ಗ್ರಾಹಕನಿಗೆ ಸಿಗುವ ಮರ್ಯಾದೆ ಹಾವೇರಿಯ ರೈತನಿಗೆ ಯಾಕಿಲ್ಲ?

ಕಂಪನಿಗಳನ್ನು ನಾವು ಕೇಳುವುದು ಇಷ್ಟು:

1. ಇಂಗ್ಲಿಷ್ ಮುಗಿದ ಮೇಲೆ ಅನುವಾದ ಮಾಡಿಸಬೇಡಿ. ಮೊದಲಿನಿಂದಲೇ ಕನ್ನಡದಲ್ಲಿ ಬರೆಸಿ.
2. ಬರೆಯುವವರಿಗೆ ವಸ್ತು ತೋರಿಸಿ, ಕೆಲಸಕ್ಕೆ ತಕ್ಕ ಕೂಲಿ ಕೊಡಿ.
3. ಅಚ್ಚಿಗೆ ಮೊದಲು ಐದು ಜನ ಬಳಕೆದಾರರಿಂದ ಓದಿಸಿ. ಅವರು ಎಡವಿದ ಸಾಲನ್ನು ತಿದ್ದಿ.
4. ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿ.

ಇದು ದಾನವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರಿಯಾದ ಬಳಕೆಗೆ ಬೇಕಾದಷ್ಟು ಸೂಚನೆ ಇಲ್ಲದೆ ಹಾನಿಯಾದರೆ ತಯಾರಕರು ಹೊಣೆಯಾಗುತ್ತಾರೆ.

ನೀವು ಮಾಡಬೇಕಾದ್ದೂ ಇದೆ. ಅಂಗಡಿಯಲ್ಲಿ ಕನ್ನಡದ ಚೀಟಿ ಕೇಳಿ ಪಡೆಯಿರಿ. ಬಿಲ್ ಇಟ್ಟುಕೊಳ್ಳಿ. ಕನ್ನಡ ಇಲ್ಲದಿದ್ದರೆ ಫೋಟೋ ತೆಗೆದು ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಹೇಳಬಹುದು. ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಚೀಟಿಯ ದುಡ್ಡೂ ಸೇರಿದೆ. ಅದು ಅರ್ಥವಾಗಬೇಕೆಂದು ಕೇಳಲು ಸಂಕೋಚ ಬೇಡ.